ಪಿಸ್ತೂಲಿನ ಕಣ್ಣಿಗೆ ಗಂಧ

ನಿವೃತ್ತನಾದ ಡ್ರಿಲ್ ಮಾಸ್ತರನ ಕಷ್ಟ ಏನೆಂದರೆ, ಗಂಟಲು ನಿವೃತ್ತಿಯಾಗುವುದಿಲ್ಲ. ‘ಸಾವಧಾನ್’ ಎಂದು ಕೂಗಿದರೆ ಮನೆಯಲ್ಲಿ ಬೆಕ್ಕು ಕೂಡ ನೆಟ್ಟಗೆ ನಿಲ್ಲುವುದಿಲ್ಲ. ಈ ಅನಾಥ ಗಂಟಲಿಗೊಂದು ಆಶ್ರಯ ಬೇಕೆಂದು ರಾಮನಗರದಲ್ಲಿ ನಾನು ಗುರಿಗಾರರ ಸಂಘವೊಂದನ್ನು ಸ್ಥಾಪಿಸಿದೆ. ಅಧ್ಯಕ್ಷ ನಾನು. ಉಪಾಧ್ಯಕ್ಷರು ಪೇಟೆಯಲ್ಲಿ ರೇಷ್ಮೆ ನೂಲು ತೆಗೆಸುವ ಭಾಯಿ. ಕೈಲಾಂಚ ಕಡೆಯ ಗೌಡರು ಖಜಾಂಚಿ. ಸಾಮಾನ್ಯ ಸದಸ್ಯರು ಯಾರೂ ಇರಲಿಲ್ಲ.

ಗೌಡರ ಹೊಲದ ಅಂಚಿನಲ್ಲಿ ಯಾರೋ ಕಲ್ಲು ತೆಗೆದು ಬಿಟ್ಟುಹೋದ ಹಳ್ಳವೊಂದಿತ್ತು. ಅದೇ ನಮ್ಮ ಮೈದಾನ. ಬಂಡೆಗೆ ಒರಗಿಸಿದ ಮಣ್ಣಿನ ಮೂಟೆ, ಅದರ ಮುಂದೆ ಕಾಗದದ ಗುರಿ. ಆಯುಧ ಒಂದೇ, ಗಾಳಿಯ ಒತ್ತಡದಿಂದ ಸೀಸದ ಚೂರು ಹಾರಿಸುವ ಪಿಸ್ತೂಲು. ನಮ್ಮ ವಯಸ್ಸಿನ ಕಣ್ಣಿಗೆ ಪಿಸ್ತೂಲಿನ ಮೊನೆ ಕಂಡರೆ ಗುರಿ ಮಂಜು, ಗುರಿ ಕಂಡರೆ ಮೊನೆ ಮಂಜು. ಆಗ ಭಾಯಿಯ ಭಾಮೈದ ದುಬೈನಿಂದ ಒಂದು ಸೈಟು ತಂದುಕೊಟ್ಟ. ಪಿಸ್ತೂಲಿನ ಬೆನ್ನಿನ ಮೇಲೆ ಕೂರುವ ಒಂದು ಪುಟ್ಟ ಗಾಜಿನ ಕಿಟಕಿ, ಅದರ ಹಿಂದೆ ಸಾಸಿವೆಯಷ್ಟು ಕಿಂಡಿಯಲ್ಲಿ ಒಂದು ದೀಪ. ದೀಪದ ಬೆಳಕು ಗಾಜಿಗೆ ಬಡಿದು ಕೆಂಪು ಚುಕ್ಕಿ ಮೂಡುತ್ತದೆ. ಚುಕ್ಕಿಯನ್ನು ಗುರಿಯ ಮೇಲಿಟ್ಟು ಟ್ರಿಗರ್ ಒತ್ತಿದರೆ ಮುಗಿಯಿತು. ಅದು ಬಂದ ದಿನ ನಾವು ಮೂವರೂ ಮದುಮಕ್ಕಳಂತಿದ್ದೆವು.

ಆದರೆ ಆ ಕಾಲದಲ್ಲಿ ಬಿಡದಿಯಿಂದ ಈಚೆಗೆ ಕಾರ್ಖಾನೆಗಳು ಏಳತೊಡಗಿದ್ದವು. ನಮ್ಮ ಹಳ್ಳದ ಪಕ್ಕವೂ ಒಂದು ಎದ್ದಿತು. ಜಲ್ಲಿ ಲಾರಿಗಳು ದಿನವಿಡೀ ಓಡಾಡಿ ಕೆಂಧೂಳು ಎಬ್ಬಿಸಿದವು. ಮಳೆ ಬಂದರೆ ಅದೇ ಧೂಳು ಕೆಸರಾಗಿ ಸಿಡಿಯುತ್ತಿತ್ತು. ಸೈಟಿನ ರಕ್ಷಣೆಗೆ ನಾನೊಂದು ಶಾಸ್ತ್ರವನ್ನೇ ರಚಿಸಿ ಬಾಯಿಪಾಠ ಮಾಡಿಸಿದೆ. ಧೂಳನ್ನು ಮೊದಲು ಊದಬೇಕು. ಬಾಯಿಂದಲ್ಲ, ಎಂಜಲು ಹಾರುತ್ತದೆ, ರಬ್ಬರ್ ಬುಗ್ಗೆಯಿಂದ ಊದಬೇಕು. ಆಮೇಲೆ ಮೆತ್ತನೆಯ ಕುಂಚ. ಕಟ್ಟಕಡೆಗೆ, ಒಗೆದೊಗೆದು ಹತ್ತಿಯಂತಾದ ಪಂಚೆಯ ತುಂಡು. ಮೊದಲೇ ಬಟ್ಟೆ ಹಾಕಿದರೆ ಕಲ್ಲಿನ ಪುಡಿ ಗಾಜನ್ನು ಗೀರಿಬಿಡುತ್ತದೆ. ಮಳೆ ಬಂತೆಂದು ಪಿಸ್ತೂಲನ್ನು ಅಂಗಿಯೊಳಗೆ ತೂರಿಸಕೂಡದು, ಮೈಶಾಖಕ್ಕೆ ಗಾಜು ಬೆವರುತ್ತದೆ.

“ನಮ್ಮನೆ ಸೊಸೇರ್ಗೂ ಇಷ್ಟು ಕಟ್ಟುಪಾಡಿಲ್ಲ ಕಣ್ರೀ ಮೇಷ್ಟ್ರೇ” ಎಂದರು ಗೌಡರು.

“ಅದಕ್ಕೇ ಅವರು ನಿಮ್ಮನ್ನ ಹಿಡಿದು ಒರೆಸ್ತಾರೆ” ಎಂದರು ಭಾಯಿ.

ಶಾಸ್ತ್ರ ಎಷ್ಟಿದ್ದರೂ ಸೂರಿಲ್ಲದೆ ನಡೆಯದು. ಇನ್ನೊಂದು ಮಳೆಗಾಲ ಬಯಲಲ್ಲೇ ಕಳೆದರೆ ಸೈಟು ಉಳಿಯುತ್ತಿರಲಿಲ್ಲ, ಸೈಟಿಲ್ಲದೆ ಸಂಘವೂ ಉಳಿಯುತ್ತಿರಲಿಲ್ಲ. ಧೂಳು ಕೊಟ್ಟವರೇ ಸೂರನ್ನೂ ಕೊಡಲಿ ಎಂದು ಕಾರ್ಖಾನೆಯ ಮ್ಯಾನೇಜರ ಬಳಿ ಹೋದೆ. ಸಜ್ಜನ, ವಯಸ್ಸಿನಲ್ಲಿ ನನ್ನ ಶಿಷ್ಯನಂತಿದ್ದರು. “ನಾಡಿದ್ದು ಬಂದು ನಿಮ್ಮ ಶೂಟಿಂಗ್ ನೋಡ್ತೀನಿ ಸರ್, ಚೆನ್ನಾಗಿದ್ರೆ ಶೀಟ್ ಹಾಕಿಸೋಣ” ಎಂದರು.

ಮಾರನೆಯ ದಿನ ಆಯುಧಪೂಜೆ. ಹಿಂದಿನ ವರ್ಷ ಗೌಡರು ಸೈಟಿನ ಗಾಜಿನ ಮುಂಭಾಗಕ್ಕೇ ಗಂಧ ಮೆತ್ತಿ ಕುಂಕುಮ ಇಟ್ಟಿದ್ದರು. ಸೈಟು ಕೆಟ್ಟೇಹೋಯಿತು ಎಂದುಕೊಂಡಿದ್ದೆ. ಆದರೆ ಎರಡೂ ಕಣ್ಣು ತೆರೆದು ಹಿಡಿದಾಗ ಒಂದು ಕಣ್ಣಿಗೆ ಚುಕ್ಕಿ, ಇನ್ನೊಂದಕ್ಕೆ ಗುರಿ ಕಂಡು, ಎರಡೂ ತಾವಾಗಿ ಒಂದರ ಮೇಲೊಂದು ಕೂತು, ಏಟು ನಟ್ಟನಡುವೆ ಬಿದ್ದಿತ್ತು. ಅಲ್ಲಿಂದ ನನ್ನ ಶಾಸ್ತ್ರಕ್ಕೆ ಹೊಸ ಸೂತ್ರವೊಂದು ಸೇರಿತ್ತು: ಪೂಜೆಯಿಂದ ಸೈಟಿಗೆ ಕೇಡಿಲ್ಲ.

ಹಾಗಾಗಿ ಈ ಸಲ ಪೌರೋಹಿತ್ಯ ನಾನೇ ವಹಿಸಿದೆ. ಸೂರು ಸಿಗಲೆಂಬ ಆಸೆಯೂ ಸೇರಿ ಗಂಧ ಧಾರಾಳವಾಯಿತು. ತೇದದ್ದೂ ತೆಳ್ಳಗಿತ್ತು, ಇಳಿಯಿತು. ಬಾಳೆಹಣ್ಣು ತಂದಿದ್ದ ಭಾಯಿ ದೂರದಿಂದಲೇ, “ಸಾಕು ಮೇಷ್ಟ್ರೇ, ಪಿಸ್ತೂಲಿಗೆ ನೆಗಡಿ ಆದೀತು” ಎಂದರು. ಮಂತ್ರದ ಮಧ್ಯೆ ಮಾತಾಡಬಾರದೆಂದು ನಾನು ಕಣ್ಣಿನಲ್ಲೇ ಗದರಿಸಿದೆ. ಸಂಜೆ ಊದಿ, ಕುಂಚ ಆಡಿಸಿ, ಪಂಚೆಯ ತುಂಡಿನಿಂದ ಒರೆಸಿದೆ. ಗಾಜು ಥಳಥಳ ಹೊಳೆಯಿತು.

ಮ್ಯಾನೇಜರು ಇಬ್ಬರು ಸಹಾಯಕರೊಡನೆ ನಡುಮಧ್ಯಾಹ್ನ ಬಂದರು. ಬಂದವರನ್ನು ಬಿಸಿಲಲ್ಲಿ ನಿಲ್ಲಿಸಿ ನಾನು ಉಪನ್ಯಾಸ ಶುರುಮಾಡಿದೆ. ಧೂಳಿನ ಸ್ವಭಾವ, ಮಳೆಯ ಸ್ವಭಾವ, ಇಬ್ಬನಿಯ ಕುತಂತ್ರ. “ಸರಿಯಾಗಿ ನೋಡಿಕೊಂಡರೆ ಈ ಸೈಟು ಯಾವ ಹವಾಮಾನದಲ್ಲೂ ಕೈಕೊಡುವುದಿಲ್ಲ” ಎಂದು ಮುಗಿಸಿ, ಪಿಸ್ತೂಲು ಎತ್ತಿ, ತೋಳು ಚಾಚಿದೆ.

ಚುಕ್ಕಿ ಇಲ್ಲ.

ದೀಪದ ಗುಂಡಿ ಒತ್ತಿದೆ. ಇಲ್ಲ. ಗಂಭೀರವಾಗಿ ಕೆಮ್ಮಿ, ಸೆಲ್ಲು ಬದಲಿಸಿದೆ. ಆಗಲೂ ಇಲ್ಲ. ಚುಕ್ಕಿ ಬರುತ್ತಿಲ್ಲ ಎಂದು ಎರಡು ಮಾತು ಹೇಳಿಬಿಟ್ಟರೆ ಆಗುತ್ತಿತ್ತು. ಆದರೆ ಈಗಷ್ಟೇ ಆಡಿ ಮುಗಿಸಿದ ಉಪನ್ಯಾಸ ಗಂಟಲಲ್ಲಿ ಅಡ್ಡ ನಿಂತಿತ್ತು. ಅಂದಾಜಿನ ಮೇಲೆ ಹೊಡೆದೆ. ಕಾಗದಕ್ಕೆ ಬೀಳಲಿಲ್ಲ, ಅದರ ಹಿಂದಿನ ಮೂಟೆಗೂ ಬೀಳಲಿಲ್ಲ. ಬಂಡೆ ‘ಟಣ್’ ಎಂದಿತು. ಮತ್ತೆ ಹೊಡೆದೆ. ಮತ್ತೆ ‘ಟಣ್’.

“ಬಂಡೆಗೆ ಬಿತ್ತಲ್ಲ, ಬುಡಿ. ಅದೇನ್ ಸಣ್ಣ ಗುರಿಯಾ?” ಎಂದರು ಗೌಡರು, ನನ್ನ ಮಾನ ಉಳಿಸಲೆಂದು.

ನಾಚಿಕೆಯಲ್ಲಿ ಇನ್ನೊಂದು ಸೀಸದ ಚೂರು ತುಂಬಲು ಹೋಗಿ ಕೆಳಗೆ ಬೀಳಿಸಿದೆ. ಮ್ಯಾನೇಜರು ಓಡಿಬಂದು ಮೊಣಕೈ ಹಿಡಿದುಕೊಂಡರು. “ಸರ್, ಕೂತ್ಕೊಳ್ಳಿ, ಕೂತ್ಕೊಳ್ಳಿ. ಬಿಪಿ ಇದೆಯಾ ನಿಮಗೆ?” ಸಹಾಯಕನೊಬ್ಬ ನೀರಿನ ಬಾಟಲಿ ಹಿಡಿದ. ಇನ್ನೊಬ್ಬ ಟೋಪಿಯಿಂದ ಗಾಳಿ ಬೀಸಿದ. ಸಂಘದ ಸಂಸ್ಥಾಪಕ ಅಧ್ಯಕ್ಷ ಕಲ್ಲಿನ ಮೇಲೆ ಕೂತು, ಕೊಟ್ಟ ನೀರು ಕುಡಿದ.

ಬಗ್ಗಿಸಿದ ತಲೆಯನ್ನು ಎತ್ತಲಾಗದೆ ಪಿಸ್ತೂಲನ್ನೇ ನೋಡುತ್ತ ಕೂತಾಗ ಕಣ್ಣಿಗೆ ಬಿತ್ತು. ಗಾಜು ಶುಭ್ರವಾಗಿತ್ತು, ಹಿಂದಿನ ಸಾಸಿವೆ ಕಿಂಡಿಯಲ್ಲಿ ಮಾತ್ರ ಗಂಧ ಇಳಿದು, ಒಣಗಿ, ಬಿರಡೆಯಂತೆ ಕೂತಿತ್ತು. ದೀಪ ಉರಿಯುತ್ತಲೇ ಇತ್ತು, ಬೆಳಕಿಗೆ ದಾರಿ ಇರಲಿಲ್ಲ. ಗಾಜು ಮುಚ್ಚಿದರೂ ನಡೆದೀತು, ಆ ಕಿಂಡಿ ಮುಚ್ಚಿದರೆ ನಡೆಯದು. ಶಾಸ್ತ್ರಕಾರನಿಗೆ ಇದು ಹೊಳೆದೇ ಇರಲಿಲ್ಲ. ಪೊರಕೆಕಡ್ಡಿಗೆ ನೀರು ಅದ್ದಿ ಮೆಲ್ಲಗೆ ಬಿಡಿಸಿದೆ. ಚುಕ್ಕಿ ಮೂಡಿತು.

ಮ್ಯಾನೇಜರು ಅಷ್ಟರಲ್ಲಿ ಕಾರಿನ ಬಳಿ ತಲುಪಿದ್ದರು. “ಬಂತು! ಚುಕ್ಕಿ ಬಂತು!” ಎಂದು ಡ್ರಿಲ್ ಗಂಟಲಿನಲ್ಲಿ ಕೂಗಿದೆ. ಅವರು ತಿರುಗಿ, ಬಸ್ಸಿನಲ್ಲಿ ಕೂತ ಅಜ್ಜನಿಗೆ ಬೀಸುವ ಹಾಗೆ ಕೈ ಬೀಸಿ ಹೊರಟುಹೋದರು.

“ಹೋಯ್ತು ಬಿಡಿ ಸೂರು” ಎಂದೆ.

ಸೂರು ಹೋಗಲಿಲ್ಲ. ದೀಪಾವಳಿಯೊಳಗೆ ಬಂತು. ಕಬ್ಬಿಣದ ಕಂಬ, ತಗಡಿನ ಶೀಟು, ಕೆಳಗೆ ಕೂರಲು ಸಿಮೆಂಟಿನ ಬೆಂಚು. ಹಿಂಗೋಡೆಗೆ ನೀಲಿ ಬಣ್ಣದಲ್ಲಿ ದಪ್ಪ ಅಕ್ಷರಗಳು: ‘ಹಿರಿಯ ನಾಗರಿಕರ ವಿಶ್ರಾಂತಿಗಾಗಿ’.

“ಬರ್ದಿರೋದ್ರಾಗೆ ಸುಳ್ಳೇನೈತೆ ಮೇಷ್ಟ್ರೇ?” ಎಂದರು ಗೌಡರು, ಬೆಂಚಿನ ಮೇಲೆ ಉದ್ದಕ್ಕೆ ಮಲಗುತ್ತ.

ಸೈಟು ಉಳಿಯಿತು. ಮಳೆ ತಗಲದು, ಧೂಳೂ ಕಡಿಮೆ. ಗುರಿ ನೋಡಲೆಂದು ಹೊಸಬರು ಯಾರಾದರೂ ಬಂದರೆ ನಾನು ಆ ಗೋಡೆಗೆ ಬೆನ್ನು ಕೊಟ್ಟು, ಎದೆ ಸೆಟೆಸಿ, ಸಾವಧಾನದಲ್ಲಿ ನಿಲ್ಲುತ್ತೇನೆ. ಅಕ್ಷರಗಳು ಅಗಲವಾಗಿವೆ, ನನ್ನ ಬೆನ್ನು ಸಾಲುವುದಿಲ್ಲ.