ಮೇಸ್ತ್ರಿ ಮನ್‌ಬೋಕ್ ತೊಟ್ಟ ಕೆಂಪು ಒಳಉಡುಪು

ಉಲ್ಸಾನ್ ಪಟ್ಟಣದ ಒಂದು ಕಾರ್ಖಾನೆಯ ಕರೆಂಟು ಕೋಣೆಯಲ್ಲಿ ಮೇಸ್ತ್ರಿ ಕ್ವಾಕ್ ಮನ್‌ಬೋಕ್ ಅಂದರೆ ಎಲ್ಲರಿಗೂ ಹೆದರಿಕೆ. ಹೆದರಿಕೆಗಿಂತ ನಾಚಿಕೆ ಜಾಸ್ತಿ. ಬೆಳಗಾದರೆ ಆಳುಗಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಕತ್ತಿನ ಹಿಂದಿನಿಂದ ಬನಿಯನ್ ಎಳೆದು, ಯಾವ ನೂಲಿನದು ಅಂತ ಅದರ ಒಳಗೆ ಹೊಲಿದ ಪಟ್ಟಿ ಓದುವ ಮನುಷ್ಯ ಅವನು. ಹತ್ತಿಯಾದರೆ ಬೆನ್ನು ತಟ್ಟಿ ಬಿಡುತ್ತಿದ್ದ. ನೈಲಾನು, ಪಾಲಿಯೆಸ್ಟರು ಅಂತ ಕಂಡಿತೋ, ಮುಗೀತು ಕಥೆ. ದೊಕ್ಚುನ್ ಅನ್ನುವವನನ್ನು ಒಮ್ಮೆ ಬರೀ ಕಾಲುಚೀಲದ ಸಲುವಾಗಿ ಮನೆಗೆ ಅಟ್ಟಿದ್ದ.

"ಪ್ಯಾನೆಲ್ ಒಳಗೆ ಕಿಡಿ ಹಾರಿದ್ರೆ ಗಾಳಿನೇ ಬೆಂಕಿ ಆಗುತ್ತೆ ಕಣ್ರೋ," ಅಂತ ದಿನಾ ಅದೇ ಪುರಾಣ. "ಮೇಲಿನ ದಪ್ಪ ಕೋಟು ತಡೆಯುತ್ತೆ, ಸರಿ. ಅದನ್ನೂ ದಾಟಿ ಬಿಸಿ ಒಳಗೆ ಬಂತು ಅನ್ನಿ. ನೈಲಾನ್ ಕರಗಿ ಮೈಗೆ ಅಂಟ್ಕೊಳ್ಳುತ್ತೆ. ಆಮೇಲೆ ಡಾಕ್ಟ್ರು ಬಟ್ಟೆ ಬಿಡಿಸ್ಬೇಕೋ, ಚರ್ಮ ಬಿಡಿಸ್ಬೇಕೋ?"

ಇಂಥವನು ಮನೆಯಲ್ಲಿ ಹೇಳಿದ್ದೇ ಬೇರೆ. ಮದುವೆಯ ಹೊಸತರಲ್ಲಿ ಹೆಂಡತಿ ಏನು ಕೆಲಸ ಅಂತ ಕೇಳಿದಾಗ "ಬೆಚ್ಚಗೆ ಕೂತು ಗುಂಡಿ ಒತ್ತೋದು" ಅಂದುಬಿಟ್ಟಿದ್ದ. ಹೆದರಿಸೋದು ಯಾಕೆ ಅಂತ. ಆ ಮಾತೇ ಖಾಯಂ ಆಯಿತು. ಮಗಳು ಹೇರಿನ್ ಶಾಲೆಯಲ್ಲೂ ಅಪ್ಪ ಗುಂಡಿ ಒತ್ತುತ್ತಾರೆ ಅಂತಲೇ ಬರೆದಳು.

ಅದೇ ಹೇರಿನ್ ಈಗ ಬೂಸಾನಿನಲ್ಲಿ ದನದ ಡಾಕ್ಟರ ಬಳಿ ಕೆಲಸಕ್ಕೆ ಸೇರಿ, ಊರ ಮಕ್ಕಳೆಲ್ಲ ಮಾಡುವಂತೆ, ಮೊದಲ ಸಂಬಳದಲ್ಲಿ ಅಪ್ಪ ಅಮ್ಮನಿಗೆ ಚಳಿಗೆ ತೊಡುವ ತುಂಬುತೋಳಿನ ಕೆಂಪು ಒಳಉಡುಪು ಕಳಿಸಿದಳು. ಮುಟ್ಟಿದರೆ ಬೆಣ್ಣೆ. ಮನ್‌ಬೋಕ್‌ಗೆ ಕಣ್ಣು ತುಂಬಿ ಬಂತು. ಊರವರ ಬನಿಯನ್ನಿನ ಪಟ್ಟಿಯೆಲ್ಲ ಓದುವವನು ಮಗಳು ಕೊಟ್ಟದ್ದರ ಪಟ್ಟಿ ಓದುತ್ತಾನೆಯೇ? ಮರುದಿನ ಅದನ್ನೇ ತೊಟ್ಟು, ಎದೆ ಉಬ್ಬಿಸಿಕೊಂಡು ಹೊರಟ.

ಅವತ್ತು ಪ್ಯಾನೆಲ್ಲಿನಿಂದ ಕರೆಂಟು ಕಡಿಯುವ ದೊಡ್ಡದೊಂದು ಬ್ರೇಕರ್ ಎಳೆದು ಹೊರತೆಗೆಯಬೇಕಿತ್ತು. ಎಲ್ಲರ ಪಟ್ಟಿ ಓದಿ ಮುಗಿಸಿ, ದಪ್ಪ ಕೋಟು ಹಾಕಿಕೊಳ್ಳೋಣ ಅಂತ ಸ್ವೆಟರನ್ನು ತಲೆ ಮೇಲಿಂದ ಎಳೆದ. ಚಟಪಟ ಚಟಪಟ! ತಲೆಗೂದಲೆಲ್ಲ ನೆಟ್ಟಗೆ ನಿಂತಿತು.

"ಅಣ್ಣಾ, ಪ್ಯಾನೆಲ್ ಬಿಡಿ, ನಿಮ್ಮೊಳಗೇ ಕಿಡಿ ಹಾರ್ತಿದೆ!" ಅಂದ ದೊಕ್ಚುನ್, ಓಡಿಬಂದು ಕತ್ತಿನ ಪಟ್ಟಿ ಹಿಡಿದು ಗಟ್ಟಿಯಾಗಿ ಓದಿದ. "ನೂರಕ್ಕೆ ನೂರು ಪಾಲಿಯೆಸ್ಟರ್!"

ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಕ್ಕಿತು.

"ಮಗಳು ಕೊಟ್ಟಿದ್ದು ಕಣೋ. ಇವತ್ತೊಂದಿನ..."

"ನನ್ನ ಕಾಲುಚೀಲ ನಮ್ಮತ್ತೆ ಕೊಟ್ಟಿದ್ದು. ಅವತ್ತು ನೀವು ಕೇಳಿದ್ರಾ?"

ಮನ್‌ಬೋಕ್ ತೆಪ್ಪಗೆ ಬಿಚ್ಚಿದ. ಹಲ್ಲು ಕಟಕಟ ಅನ್ನುವ ಚಳಿ. ದೊಕ್ಚುನ್ ಕೊಟ್ಟ ಹತ್ತಿ ಬನಿಯನ್ ಹೊಕ್ಕುಳಿನ ತನಕವೂ ಬರಲಿಲ್ಲ. ಅದರ ಮೇಲೆ ಕೋಟು, ಮುಸುಕು ಎಲ್ಲ ಹಾಕಿಕೊಂಡು ಬ್ರೇಕರ್ ಎಳೆದ. ಏನೂ ಆಗಲಿಲ್ಲ. ಸಂಜೆ ಮತ್ತೆ ಕೆಂಪು ತೊಟ್ಟುಕೊಂಡು, ಮರ್ಯಾದೆ ಹೋದರೆ ಹೋಗಲಿ ಅಂದುಕೊಂಡು ಮನೆಗೆ ಬಂದ.

ಊಟಕ್ಕೆ ಮೊದಲೇ ಮಗಳ ಫೋನು. "ಅಪ್ಪಾ, ಹಾಕ್ಕೊಂಡ್ರಾ?"

"ಹಾಕ್ಕೊಂಡೇ ಇದ್ದೀನಿ ಪುಟ್ಟಿ."

"ಒಂದು ಕೊಂಡ್ರೆ ಒಂದು ಫ್ರೀ ಇತ್ತಪ್ಪ. ಇನ್ನಷ್ಟು ಕೊಂಡು ನಿಮ್ಮ ಆಳುಗಳಿಗೆಲ್ಲ ಕಳಿಸಿದ್ದೀನಿ, ನಾಳೆ ಕಾರ್ಖಾನೆಗೇ ಬರುತ್ತೆ. ಮೇಸ್ತ್ರಿ ಮಗಳು ಕೊಟ್ಟಿದ್ದು ಅಂತ ಹೇಳಿ ಎಲ್ಲರಿಗೂ ಹಾಕಿಸಿ."

"ಬೇಡ!" ಮನ್‌ಬೋಕ್ ಕಿರುಚಿದ ರಭಸಕ್ಕೆ ಒಲೆಯ ಮುಂದಿದ್ದ ಹೆಂಡತಿಯ ಕೈಯಿಂದ ಸೌಟು ಬಿತ್ತು.

"ಯಾಕಪ್ಪಾ?"

"ಅದು... ಕೆಂಪು ಅವರಿಗೆ ಆಗಿಬರಲ್ಲ."

"ಇಷ್ಟ ಆಗ್ಲಿಲ್ಲ ಅಂದ್ರೆ ಹೇಳ್ಬಿಡಿ," ಅಂದಳು ಹುಡುಗಿ. ದನಿ ಆಗಲೇ ಒಡೆದಿತ್ತು.

ಇನ್ನು ಸುಳ್ಳು ಹೇಳಲು ಅವನ ಕೈಲಾಗಲಿಲ್ಲ. ಕಿಡಿ, ಬೆಂಕಿ, ಕರಗುವ ಬಟ್ಟೆ, ಎಲ್ಲ ಹೇಳಿದ.

"ಗುಂಡಿ ಒತ್ತೋದು ಅಂದಿದ್ರಲ್ಲಪ್ಪಾ," ಅಂದಳು ಹೇರಿನ್.

ಅಷ್ಟರಲ್ಲಿ ಹೆಂಡತಿ ಬಂದು ಫೋನು ಕಸಿದು ಪಕ್ಕಕ್ಕಿಟ್ಟಳು. "ಬಿಚ್ರೀ ಅದನ್ನ."

"ಮನೇಲೇನಾಗುತ್ತೆ ಮಾರಾಯ್ತಿ!"

"ಒಲೆ ಉರೀತಿದೆ. ಬಿಚ್ರೀ ಅಂದೆ!"

ಬಿಚ್ಚಿದ. ಅವಳು ಅವನನ್ನು ದೀಪದ ಕೆಳಗೆ ಎಳೆದು ನಿಲ್ಲಿಸಿ ಎದೆ, ಬೆನ್ನು, ತೋಳು ಎಲ್ಲ ತಿರುಗಿಸಿ ತಿರುಗಿಸಿ ನೋಡಿದಳು. ಎಡ ಮೊಣಕೈ ಹತ್ತಿರ ಚರ್ಮ ಸುಕ್ಕುಗಟ್ಟಿದ ಕಡೆ ಅವಳ ಬೆರಳು ನಿಂತಿತು.

"ಇದು? ಕ್ಯಾಂಟೀನಲ್ಲಿ ಬಡಿಸೋವಳು ಸೂಪು ಚೆಲ್ಲಿದ್ದು ಅಂದಿದ್ರಿ."

"ಸೂಪಲ್ಲ," ಅಂದ ಮನ್‌ಬೋಕ್.

"ಅಯ್ಯೋ ನನ್ನ ಕರ್ಮವೇ! ಇಷ್ಟು ವರ್ಷ ಆ ಬಡಪಾಯಿಗೆ ಶಾಪ ಹಾಕ್ತಾ ಬಂದೆನಲ್ರೀ," ಅಂದವಳೇ ಆ ಕಲೆಯ ಮೇಲೆ ಅಂಗೈಯಿಟ್ಟುಕೊಂಡು ಅಳೋಕೆ ಶುರುಮಾಡಿದಳು.