ಹನ್ನೊಂದು ಇಪ್ಪತ್ತರ ನಿದ್ದೆ

ನಮ್ಮವರಿಗೆ ಕುಡಿಯುವ ಚಟವಿಲ್ಲ, ಇಸ್ಪೀಟಿನ ಚಟವೂ ಇಲ್ಲ. ಇರುವುದು ಒಂದೇ, ಫೋಟೋ. ಮದುವೆಯ ಹೊಸದರಲ್ಲಿ ಇದನ್ನು ಕೇಳಿದ ನಮ್ಮಮ್ಮ ‘ಸದ್ಯ, ಬದುಕಿದೆ’ ಎಂದಿದ್ದಳು. ಹದಿನೆಂಟು ವರ್ಷ ಸಂಸಾರ ಮಾಡಿದ ಮೇಲೆ ಹೇಳುತ್ತಿದ್ದೇನೆ, ಇಸ್ಪೀಟೇ ವಾಸಿಯಿತ್ತು. ಇಸ್ಪೀಟಾಡುವವರು ಹೆಂಡತಿ ಕೊಟ್ಟ ಚಹಾವನ್ನು ಕುಡಿಯುತ್ತಾರೆ. ಅದರ ಹಬೆ ತಾನಾಗಿ ಕಿಟಕಿಯ ಬೆಳಕಿಗೆ ಬರಲಿ ಎಂದು ಲೋಟದ ಮುಂದೆ ಮಂಡಿಯೂರಿ ಕಾಯುವುದಿಲ್ಲ.

ಹೊಟ್ಟೆಪಾಡಿಗೆ ಇವರು ಮಾಡುವುದು ಕನ್ನಡಕದ ಗಾಜು ಉಜ್ಜುವ ಕೆಲಸ. ಆರು ಮಹಡಿಯ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ವರ್ಕ್‌ಶಾಪ್. ಡಾಕ್ಟರ ಚೀಟಿ ನೋಡಿ, ದುಂಡಗಿನ ಗಾಜನ್ನು ತಿರುಗುವ ಕಲ್ಲಿಗೆ ಹಿಡಿದು, ಫ್ರೇಮಿನ ಆಕಾರಕ್ಕೆ ತರಬೇಕು. ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೆ ಗಾಜು ಅಲ್ಲಾಡುತ್ತದೆ, ಕಡಿಮೆ ಉಜ್ಜಿದರೆ ಕೂರುವುದೇ ಇಲ್ಲ. ಆ ಕೆಲಸ ಮಾಡಿ ಮಾಡಿ ಹಾಗಾದರೋ, ಹುಟ್ಟಿದ್ದೇ ಹಾಗೋ, ಒಟ್ಟಿನಲ್ಲಿ ಮೊಸರಲ್ಲಿ ಕಲ್ಲು ಹುಡುಕುವ ಸ್ವಭಾವ. ನಾನು ಮನೆಯಲ್ಲಿ ಶಾಲೆಯ ಯೂನಿಫಾರ್ಮ್ ಹೊಲಿಯುತ್ತೇನೆ. ನನ್ನ ಹೊಲಿಗೆಯಲ್ಲೂ ಕಲ್ಲು ಹುಡುಕಲು ಬಂದು ಒಂದೆರಡು ಸಲ ಬೈಸಿಕೊಂಡಿದ್ದಾರೆ.

ಈ ಸ್ವಭಾವಕ್ಕೆ ಹೇಳಿ ಮಾಡಿಸಿದಂಥ ಒಂದು ಗುಂಪು ಇವರಿಗೆ ಮೊಬೈಲಿನಲ್ಲಿ ಸಿಕ್ಕಿತ್ತು. ಅದರ ಹೆಸರು ‘ಕಂಡಂತೆ’. ಹನ್ನೊಂದು ಸಾವಿರ ಜನ ಅಲ್ಲಿ ತಾವು ತೆಗೆದ ಫೋಟೋ ಹಾಕುತ್ತಾರೆ. ಮೊದಲನೇ ನಿಯಮ: ಯಾರಿಗೂ ‘ಹೀಗೆ ನಿಲ್ಲು, ಹಾಗೆ ಕೂರು’ ಎಂದು ಹೇಳಿ ತೆಗೆಯಕೂಡದು, ಕಂಡಿದ್ದನ್ನು ಕಂಡಂತೆ ತೆಗೆಯಬೇಕು. ತಪ್ಪಿದವರು ಗುಂಪಿನಿಂದ ಆಚೆ. ಎರಡನೆಯದು, ಸುಮ್ಮನೆ ‘ಸೂಪರ್’ ಎನ್ನುವಂತಿಲ್ಲ, ಯಾಕೆ ಸೂಪರ್ ಎಂದು ಬರೆಯಬೇಕು. ಇದನ್ನೆಲ್ಲ ಕಾಯಲು ಮೂವರು ಮೇಲ್ವಿಚಾರಕರು. ಅವರಲ್ಲಿ ನಮ್ಮವರೊಬ್ಬರು, ಆರು ವರ್ಷದಿಂದ. ಗುಂಪಿನವರು ಇಟ್ಟ ಅಡ್ಡಹೆಸರು ‘ಇಕ್ಕಳ’. ಸಿಕ್ಕಿಬಿದ್ದವರನ್ನು ಬಿಟ್ಟವರಲ್ಲ. ಒಬ್ಬ ಮೇಷ್ಟ್ರು ಹಾಕಿದ ಬೆಕ್ಕಿನ ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿ, ಮೂಲೆಯಲ್ಲಿ ಬಿಸ್ಕತ್ತಿನ ಚೂರು ಪತ್ತೆಹಚ್ಚಿ, ‘ಬೆಕ್ಕು ತಾನಾಗಿ ಬಂದಿಲ್ಲ, ಕರೆಸಲಾಗಿದೆ’ ಎಂದು ತೀರ್ಪು ಕೊಟ್ಟು ಅವರನ್ನು ಆಚೆ ಹಾಕಿದ್ದರು. ಪಾಪ, ಮೇಷ್ಟ್ರು ಎಷ್ಟು ಬೇಡಿಕೊಂಡರೂ ಇವರು ಕರಗಲಿಲ್ಲ.

ಆ ಹಳೆಯ ಕಟ್ಟಡದ ಲಿಫ್ಟೂ ಹಳೆಯದು. ಜಾಲರಿ ಬಾಗಿಲು, ಕೈಯಲ್ಲಿ ತಿರುಗಿಸುವ ಹಿಡಿ, ಅದನ್ನು ನಡೆಸಲು ಸ್ಟೂಲಿನ ಮೇಲೆ ಕೂತ ಒಬ್ಬ ಮನುಷ್ಯ. ಅರವತ್ತೊಂದು ವರ್ಷದ ಅವರನ್ನು ಇಡೀ ಕಟ್ಟಡ ಕರೆಯುವುದು ಲಿಫ್ಟಣ್ಣ ಎಂದು. ಒಂಬತ್ತು ವರ್ಷದಲ್ಲಿ ಒಂದು ದಿನವೂ ಡ್ಯೂಟಿಯಲ್ಲಿ ಕಣ್ಣು ಮುಚ್ಚಿದವರಲ್ಲ. ಗಂಟೆ ಬಾರಿಸುವ ಮೊದಲೇ ಯಾವ ಮಹಡಿಯವರು ಬರುತ್ತಾರೆಂದು ಹೆಜ್ಜೆ ಸದ್ದಿನಲ್ಲೇ ಹೇಳುತ್ತಿದ್ದರಂತೆ.

ಬೆಳಗ್ಗೆ ಹನ್ನೊಂದು ಇಪ್ಪತ್ತಕ್ಕೆ ಮೆಟ್ಟಿಲ ಕಿಟಕಿಯಿಂದ ಬಿಸಿಲು ಐದಾರು ನಿಮಿಷ ಜಾಲರಿ ದಾಟಿ ಒಳಗೆ ಬೀಳುತ್ತಿತ್ತು. ಲಿಫ್ಟಣ್ಣನ ಮುಖದ ಮೇಲೆಲ್ಲ ನೆರಳಿನ ಚೌಕಗಳು. ಒಂದು ದಿನ ಚಹಾದ ಬಿಡುವಿನಲ್ಲಿ ನಮ್ಮವರು ಕ್ಯಾಮೆರಾ ತೆಗೆದುಕೊಂಡು ಹೋಗಿ ನಾಲ್ಕೈದು ಒತ್ತಿದರು. ಒಂದರಲ್ಲಿ ಲಿಫ್ಟಣ್ಣ ರೆಪ್ಪೆ ಮಿಟುಕಿಸಿದ್ದರು. ಆ ಕ್ಷಣಕ್ಕೆ ಅವರು ಗಾಢ ನಿದ್ದೆಯಲ್ಲಿರುವಂತೆ, ಇಡೀ ಕಟ್ಟಡವೇ ಅವರ ಜೊತೆ ಮಲಗಿರುವಂತೆ ಕಾಣುತ್ತಿತ್ತು. ಆದರೆ ಕೈ ಅಲುಗಿ ಚಿತ್ರ ಮಸುಕಾಗಿತ್ತು. ಬಿಸಿಲು ಜಾರುತ್ತಿತ್ತು. ಆಗ ಇವರ ಬಾಯಿಂದ ಹೊರಟ ಮಾತು: ‘ಲಿಫ್ಟಣ್ಣಾ, ಇನ್ನೊಂದ್ಸಲ ಕಣ್ಣು ಮುಚ್ಚಿ.’

ಮಸುಕಾದ ಒಂದು ಒಳ್ಳೆಯ ಫೋಟೋ ಇವರಂಥವರ ಕೈಯಲ್ಲಿ ಏನು ಬೇಕಾದರೂ ಮಾಡಿಸುತ್ತದೆ. ಇದು ನನಗೆ ಆಮೇಲೆ ಗೊತ್ತಾದದ್ದು.

ಫೋಟೋ ಗುಂಪಿಗೆ ಹೋಯಿತು. ಕೆಳಗೆ ಬರೆದದ್ದು ‘ಹನ್ನೊಂದು ಇಪ್ಪತ್ತರ ನಿದ್ದೆ’. ವಾರದ ಚಿತ್ರವಾಯಿತು. ಜನ ಉದ್ದುದ್ದ ಬರೆದರು, ದಣಿದ ದೇಹವೆಂದರು, ಮುಗ್ಧತೆಯೆಂದರು. ನಮ್ಮವರು ಆ ಇಡೀ ವಾರ ನೆಲದ ಮೇಲೆ ನಡೆಯಲಿಲ್ಲ. ನಾನೂ ಅಕ್ಕಪಕ್ಕದವರಿಗೆಲ್ಲ ತೋರಿಸಿದೆ, ಸುಳ್ಳೇಕೆ ಹೇಳಲಿ.

ಮುಂದಿನ ಭಾನುವಾರ ಬೆಳಗ್ಗೆ ಬಾಗಿಲು ತೆಗೆದರೆ ಲಿಫ್ಟಣ್ಣ. ನಮ್ಮ ಮನೆಗೆ ಅವರು ಬಂದದ್ದು ಅದೇ ಮೊದಲು.

‘ತಂಗೀ, ಸಾರ್ ಇದಾರಾ?’

ಕುರ್ಚಿಯ ತುದಿಯಲ್ಲಿ ಕೂತು, ಇವರು ಬಂದ ಕೂಡಲೇ ಎದ್ದು ನಿಂತು ಹೇಳಿದರು. ‘ಸಾರ್, ನಾಳೆಯಿಂದ ಬರಬೇಡ ಅಂದ್ಬಿಟ್ರು. ಡ್ಯೂಟೀಲಿ ನಿದ್ದೆ ಮಾಡ್ದೆ ಅಂತ. ಫೋಟೋ ಕಟ್ಟಡದ ಮಾಲೀಕರವರೆಗೂ ಹೋಗಿದೆ.’

‘ನಾನೇ ಹೇಳ್ದೆ ಅಂತ ನೀವು ಹೇಳ್ಲಿಲ್ವಾ?’ ಎಂದರು ಇವರು.

‘ಹೇಳ್ದೆ. ಸಾರೇ ಕಣ್ಣು ಮುಚ್ಚು ಅಂದ್ರು ಅಂತ ದೇವರಾಣೆ ಮಾಡ್ದೆ. ಕಟ್ಟಡದ ಮೇನೇಜರೂ ನಿಮ್ಮ ಗುಂಪಲ್ಲಿದಾರೆ, ಮೊಬೈಲ್ ತೆಗೆದು ಅದರ ಮೊದಲನೇ ನಿಯಮ ಓದಿ ಹೇಳಿದ್ರು. ಬಿಸ್ಕತ್ ಚೂರಿಗೇ ಒಬ್ಬರನ್ನ ಆಚೆ ಹಾಕಿದ ಮನುಷ್ಯ ನಿನಗೆ ಕಣ್ಣು ಮುಚ್ಚು ಅಂದನಾ, ಯಾರ ಕಿವಿಗೆ ಹೂ ಇಡ್ತೀಯ ಅಂದ್ರು.’

ನಾನು ಇವರ ಮುಖ ನೋಡಿದೆ. ಇಂಗು ತಿಂದ ಮಂಗನ ಹಾಗಿತ್ತು. ನನಗೆ ನಾಚಿಕೆಯಾಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ಕೇಳಿದ್ದೆ. ಬೇರೆಯವರ ಕಣ್ಣು ಮುಚ್ಚಿಸಿ ಕುಡಿದ ಬೆಕ್ಕು ನಮ್ಮ ಮನೆಯಲ್ಲೇ ಇತ್ತು.

ಸೋಮವಾರ ಇವರು ಮೇನೇಜರ ಮುಂದೆ ಹೋಗಿ ಒಪ್ಪಿಕೊಂಡರು. ಆತ ಅರ್ಧ ನಂಬಿದ. ‘ನೀವು ಕನಿಕರಕ್ಕೆ ಹೇಳ್ತಿದೀರೋ ಏನೋ, ನನಗೇನು ಗೊತ್ತು? ಫೋಟೋ ಎಲ್ಲಿ ಹಾಕಿದ್ರೋ ಅಲ್ಲೇ ಬರೀರಿ. ಮಾಲೀಕರು ನೋಡಿದ್ದು ಅಲ್ಲಿ. ನಾಡಿದ್ದಿನೊಳಗೆ ಬರೆದ್ರೆ ಸರಿ, ಆಮೇಲೆ ಹೊಸಬ ಬರ್ತಾನೆ’ ಎಂದ.

ಮನೆಗೆ ಬಂದವರು ಬಾಲ ಸುಟ್ಟ ಬೆಕ್ಕಿನಂತೆ ಓಡಾಡತೊಡಗಿದರು. ಹೊಲಿಗೆ ಮೆಷಿನ್ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಮೆಷಿನ್ನಿಗೆ.

‘ಆರು ವರ್ಷದಿಂದ ಗಳಿಸಿದ ಹೆಸರು ಕಣೇ. ಒಂದೇ ದಿನದಲ್ಲಿ ಮಣ್ಣುಪಾಲು.’

‘ಅವರದು ಒಂಬತ್ತು ವರ್ಷದ್ದು ರೀ.’

‘ಬೇರೆ ಕೆಲಸ ಹುಡುಕಿ ಕೊಡ್ತೀನಿ ಅವರಿಗೆ. ನಮ್ಮ ವರ್ಕ್‌ಶಾಪಿನ ಸಾಹುಕಾರರನ್ನ ಕೇಳ್ತೀನಿ.’

ನನಗೆ ಎಲ್ಲಿತ್ತೋ ಸಿಟ್ಟು. ‘ಅರವತ್ತೊಂದರಲ್ಲಿ ಯಾವ ಕೆಲಸ ರೀ? ಕೆಲಸ ಸಿಕ್ಕರೂ ನಿದ್ದೆಬುರುಕ ಅನ್ನೋ ಹೆಸರು ಹೋಗುತ್ತಾ? ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅನ್ನೋದು ನಿಮ್ಮಂಥವರಿಗೇ!’ ಎಂದು ಕತ್ತರಿ ಎಸೆದೆ. ನೆಲಕ್ಕೇ ಎಸೆದದ್ದು.

ಮರುದಿನ ಸಂಜೆ ಒಂದು ಕಾಗದದಲ್ಲಿ ಬರೆದು ತಂದು ತೋರಿಸಿದರು. ‘ಸದರಿ ಚಿತ್ರದಲ್ಲಿ ಬೆಳಕಿನ ಅನಿವಾರ್ಯತೆಯಿಂದಾಗಿ ಸನ್ನಿವೇಶವನ್ನು ಕೊಂಚ ಮರುರೂಪಿಸಲಾಗಿತ್ತು.’

‘ಯಾರು ರೀ ಮರುರೂಪಿಸಿದ್ದು? ಬಿಸಿಲಾ?’ ಎಂದೆ.

ಕಾಗದ ಹರಿದರು. ಆಮೇಲೆ ನನ್ನ ಎದುರಿಗೇ ಮೊಬೈಲಿನಲ್ಲಿ ಟೈಪ್ ಮಾಡಿದರು. ‘ಈ ಲಿಫ್ಟಿನವರು ನಿದ್ದೆ ಮಾಡುತ್ತಿರಲಿಲ್ಲ. ಕಣ್ಣು ಮುಚ್ಚಿ ಎಂದು ನಾನು ಹೇಳಿದೆ. ನನ್ನ ಮೇಲಿನ ಗೌರವಕ್ಕೆ ಅವರು ಮುಚ್ಚಿದರು. ನಾನು ಸುಳ್ಳು ಹೇಳಿದ್ದಕ್ಕೆ ಅವರ ಕೆಲಸ ಹೋಗಿದೆ.’ ಅದರ ಕೆಳಗೆ ಅವತ್ತು ತೆಗೆದ ಹದಿನಾಲ್ಕೂ ಫೋಟೋಗಳನ್ನು ಒಂದೊಂದಾಗಿ ಹಾಕಿದರು. ಲಿಫ್ಟಣ್ಣ ಕಣ್ಣು ಬಿಟ್ಟು ಕೂತದ್ದು, ಮಿಟುಕಿಸಿದ್ದು, ‘ನಾನ್ಯಾಕೆ ಮುಚ್ಲಿ’ ಎಂದು ನಕ್ಕಿದ್ದು, ತಲೆ ವಾಲಿಸಿ ಅಭ್ಯಾಸ ಮಾಡಿದ್ದು. ಹನ್ನೆರಡನೆಯದು ವಾರದ ಚಿತ್ರ. ಹದಿಮೂರನೆಯದರಲ್ಲಿ ಒಂದೇ ಕಣ್ಣು ತೆರೆದು ‘ಆಯ್ತಾ ಸಾರ್?’ ಎಂದು ಕೇಳುತ್ತಿದ್ದಾರೆ. ಅದನ್ನು ನೋಡಿದರೆ ಕುರುಡನೂ ನಂಬಬೇಕು.

ಬೈಗುಳ ಬಂದವು, ನೂರಾರು. ‘ಇಕ್ಕಳಕ್ಕೇ ತುಕ್ಕು’ ಎಂದು ಯಾರೋ ಬರೆದಿದ್ದರು. ಇನ್ನಿಬ್ಬರು ಮೇಲ್ವಿಚಾರಕರು ಫೋನ್ ಮಾಡಿ, ತಾವಾಗಿಯೇ ಒಪ್ಪಿಕೊಂಡಿದ್ದೀರಲ್ಲ, ಇರಿ ಎಂದರು. ನಮ್ಮವರು ‘ಮೇಷ್ಟ್ರಿಗೆ ಇರಿ ಅಂತ ನಾನು ಹೇಳಿರಲಿಲ್ಲ’ ಎಂದು ಫೋನಿಟ್ಟು, ಗುಂಪಿನಿಂದ ತಾವೇ ಹೊರಬಂದರು. ಅವತ್ತು ಅವರು ಅತ್ತರು. ನಾನು ಮೆಷಿನ್ ಜೋರಾಗಿ ತುಳಿದೆ, ಕೇಳಿಸಲಿಲ್ಲ ಎಂದುಕೊಳ್ಳಲಿ ಎಂದು. ಈಗ ತೆಗೆದ ಫೋಟೋ ನೋಡಲು ನಾನೊಬ್ಬಳೇ. ನಾನು ಸೂಪರ್ ಎನ್ನುತ್ತೇನೆ, ಯಾಕೆಂದು ಹೇಳುವುದಿಲ್ಲ.

ಲಿಫ್ಟಣ್ಣನಿಗೆ ಗುರುವಾರ ಕರೆ ಬಂತು. ಮರುದಿನ ನಮ್ಮವರು ಹೆಗಲಿನ ಭಾರ ಇಳಿದವರಂತೆ ಕೆಲಸಕ್ಕೆ ಹೋದರು. ಸಂಜೆ ಬಂದಾಗ ಮುಖ ಮತ್ತೆ ಸಪ್ಪಗಿತ್ತು.

‘ಕೆಲಸ ಕೊಟ್ಟಿದಾರೆ, ಸ್ಟೂಲ್ ಕಿತ್ಕೊಂಡಿದಾರೆ. ಕೂತ್ರೆ ತಾನೇ ಕಣ್ಣು ಮುಚ್ಚೋದು ಅಂದನಂತೆ ಮೇನೇಜರ್. ಬೆಳಗ್ಗೆಯಿಂದ ಸಂಜೆವರೆಗೂ ನಿಂತೇ ಇದಾರೆ ಕಣೇ.’

‘ಅವರೇನಂದ್ರು?’

‘ಮೂರನೇ ಮಹಡಿ ಸಾರ್, ಅಂದ್ರು ಅಷ್ಟೇ.’

ಅವತ್ತು ಇವರು ಊಟ ಸರಿಯಾಗಿ ಮಾಡಲಿಲ್ಲ. ಬರೆದದ್ದನ್ನು ಅಳಿಸಬಹುದು, ಆ ಮೇನೇಜರನ ತಲೆಯಲ್ಲಿ ಕೂತ ಚಿತ್ರವನ್ನು ಅಳಿಸುವುದು ಹೇಗೆ.

ಒಂದು ತಿಂಗಳ ಮೇಲೆ, ಮನೆಯ ಬೀಗದ ಕೈ ಇವರ ಜೇಬಿನಲ್ಲೇ ಹೋಗಿದೆಯೆಂದು ನಾನು ಆ ಕಟ್ಟಡಕ್ಕೆ ಹೋಗಬೇಕಾಯಿತು. ಲಿಫ್ಟ್ ಬಂತು. ಒಳಗೆ ಲಿಫ್ಟಣ್ಣ ಕೂತಿದ್ದರು, ಕಬ್ಬಿಣದ ಕಾಲಿನ, ಗಾಜಿನ ಪುಡಿಯಿಂದ ಬೆಳ್ಳಗಾದ ಒಂದು ಸ್ಟೂಲಿನ ಮೇಲೆ.

‘ಅಣ್ಣಾ, ಸ್ಟೂಲ್ ಕೊಟ್ರಾ?’ ಎಂದೆ.

‘ಎಲ್ಲಿ ಕೊಟ್ರು ತಂಗಿ. ಇದು ಮೂರನೇ ಮಹಡಿ ಸಾರದು. ರಿಪೇರಿಗೆ ಕೆಳಗೆ ಹೋಗ್ತಿದೆ. ಮೇನೇಜರು ಕೇಳಿದಾಗೆಲ್ಲ ಹಾಗೇ ಹೇಳೋದು. ಲಿಫ್ಟಲ್ಲಿ ಸಾಮಾನು ಸಾಗಿಸಬೇಡಿ ಅಂತ ಅವರೂ ಹೇಳೋ ಹಾಗಿಲ್ಲವಲ್ಲ’ ಎಂದು ಹಿಡಿ ತಿರುಗಿಸಿದರು. ‘ಇಪ್ಪತ್ತು ದಿನದಿಂದ ಹೋಗ್ತಾನೇ ಇದೆ.’

ಮೂರನೇ ಮಹಡಿಯಲ್ಲಿ ಬಾಗಿಲ ಗಾಜಿನಿಂದ ನೋಡಿದೆ. ಸಾಲಾಗಿ ನಾಲ್ವರು ಕೂತು ಗಾಜು ಉಜ್ಜುತ್ತಿದ್ದರು. ಕೊನೆಯಲ್ಲಿ ನಮ್ಮವರು ಒಬ್ಬರೇ, ಬೆನ್ನು ಬಗ್ಗಿಸಿ ನಿಂತಿದ್ದರು. ಇಪ್ಪತ್ತು ದಿನದಿಂದ ಸಂಜೆ ಬಂದ ತಕ್ಷಣ ಇವರು ಬಿಸಿನೀರಿನಲ್ಲಿ ಕಾಲಿಡುತ್ತಿದ್ದುದು ಏಕೆಂದು ಆಗ ತಿಳಿಯಿತು. ಕೇಳಿದರೆ ವಯಸ್ಸಾಯ್ತು ಎನ್ನುತ್ತಿದ್ದರು.

ಬೀಗದ ಕೈ ತೆಗೆದುಕೊಂಡು, ಏನೂ ಕಾಣದವಳಂತೆ ಮನೆಗೆ ಬಂದೆ. ಸಂಜೆ ನೀರು ಕಾಯಿಸಿಟ್ಟು ‘ಕಾಲು ನೋವಾ?’ ಎಂದೆ.

‘ವಯಸ್ಸಾಯ್ತಲ್ಲೇ’ ಎಂದರು.

‘ಹೌದು ಬಿಡಿ’ ಎಂದು ಇನ್ನೊಂದು ಚೊಂಬು ಬಿಸಿನೀರು ಸುರಿದೆ.