ಖಣಿಯ ತೋಳ, ಎಳ್ಳ ಅಮಾವಾಸ್ಯೆಯ ದಿನ

ತೋಳ ಮನುಷ್ಯರ ತಂಟೆಗೆ ಬರುವುದಿಲ್ಲ ಎಂದು ಹೇಳಿ ಹೇಳಿ ನನ್ನ ಬಾಯಿ ಸವೆದುಹೋಗಿತ್ತು. ಸೇಡಂ ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಚಿತ್ತಾಪುರದ ಚಹಾದಂಗಡಿಯಲ್ಲಿ ನಿಂತವರಿಗೆ, ಕೇಳಿದವರಿಗೆ, ಕೇಳದವರಿಗೂ ಹೇಳಿದ್ದೇ ಹೇಳಿದ್ದು. ಯಾರಾದರೂ ಎದುರಾಡಿದರೆ ನನಗೆ ಸಿಟ್ಟು ಬೇರೆ ಬರುತ್ತಿತ್ತು. ಚಿಂಚೋಳಿಯ ಕಾಡಿನಿಂದ ಈಚೆಗೆ, ಶಹಾಬಾದಿನವರೆಗೂ, ತೊಗರಿ ಹೊಲ, ಸಿಮೆಂಟ್ ಕಾರ್ಖಾನೆ, ರೈಲು ಹಳಿ, ಕಲ್ಲಿನ ಖಣಿಗಳ ನಡುವೆ ಚೂರುಚೂರಾಗಿ ಉಳಿದ ಕುರುಚಲಿನಲ್ಲಿ ಯಾವ ಪ್ರಾಣಿ ಹೇಗೆ ಬದುಕಿದೆ ಎಂದು ನೋಡುವುದು ನನ್ನ ಕೆಲಸ. ನರಿ, ತೋಳ, ಕತ್ತೆಕಿರುಬ ಎಲ್ಲವೂ ಇವೆ. ಹಗಲು ತೊಗರಿಯಲ್ಲಿ ಅಡಗಿ, ಕತ್ತಲಾದ ಮೇಲೆ ರಸ್ತೆ ದಾಟುತ್ತವೆ.

ಆ ಚಳಿಗಾಲ ಮಳಖೇಡದ ಹತ್ತಿರದ ಹಳ್ಳಿಯೊಂದರಲ್ಲಿ ಒಂದು ರೈತರ ಮನೆಯಲ್ಲಿ ಕೋಣೆ ಹಿಡಿದಿದ್ದೆ. ಮನೆಯ ಹಿರಿಯಳನ್ನು ಎಲ್ಲರಂತೆ ನಾನೂ ಆಯಿ ಎನ್ನುತ್ತಿದ್ದೆ. ಅವರ ಹೊಲದ ಆಚೆ ಬದುವಿಗೆ ಹೊಂದಿ ಹಾಳುಬಿದ್ದ ಫರಸಿ ಕಲ್ಲಿನ ಖಣಿ ಇತ್ತು. ಅದರೊಳಗೆ, ಒಂದರ ಮೇಲೊಂದು ಬಿದ್ದ ಚಪ್ಪಡಿಗಳ ಸಂದಿಯಲ್ಲಿ, ತೋಳವೊಂದು ಮರಿ ಹಾಕಿತ್ತು. ಇದು ನನ್ನ ಕ್ಯಾಮೆರಾಕ್ಕೆ ಮತ್ತು ನನಗೆ ಮಾತ್ರ ಗೊತ್ತು. ಊರಿಗೆ ತಿಳಿದರೆ ಸಂದಿಗೆ ಮುಳ್ಳು ತುಂಬಿ ಬೆಂಕಿ ಹಚ್ಚುತ್ತಾರೆ. ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೆ.

"ಎಳ್ಳಮಾಸಿಗಿ ಹೊಲಕ್ಕ ಬರಲಿಲ್ಲಂದ್ರ ನಿನ್ನ ಸಂಗಾಟ ಮಾತೇ ಆಡಂಗಿಲ್ಲ ನೋಡು. ಕೂಸಿಗೂ ಕರ್ಕೊಂಡು ಬಾ," ಎಂದು ಆಯಿ ಕಟ್ಟಪ್ಪಣೆ ಮಾಡಿದ್ದಳು. ವಾಡಿಯ ತವರಲ್ಲಿ ಬಿಟ್ಟಿದ್ದ ನಾಲ್ಕು ವರ್ಷದ ಮಗಳನ್ನು ಕರೆತಂದೆ. ಹೊಲದಲ್ಲಿ ಬನ್ನಿ ಗಿಡದ ಕೆಳಗೆ ಕಲ್ಲುಗಳನ್ನಿಟ್ಟು ಪೂಜೆಯಾಯಿತು. ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾದ ಹೋಳಿಗೆ, ಅಂಬಲಿ. ಬೀಗರು ನೆಂಟರೆಲ್ಲ ಸೇರಿ ಗದ್ದಲವೋ ಗದ್ದಲ. ಊಟಕ್ಕೆ ಮೊದಲು ಮಗಳು ಬೇರೆ ಮಕ್ಕಳ ಜೊತೆ ಗಾಡಿ ಹತ್ತಿ ಇಳಿಯುತ್ತಿದ್ದಳು. ನಾನು ಎರಡನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಂಡೆ.

ಉಣ್ಣುವ ಮೊದಲೇ ಆಯಿಯ ಮಗ ಚರಗ ಚೆಲ್ಲಲು ಹೋಗಿದ್ದ. ಮಾಡಿದ ಅಡುಗೆಯನ್ನೆಲ್ಲ ಕಲಸಿ, ಬುಟ್ಟಿಯಲ್ಲಿ ಹೊತ್ತು, ಹೊಲದ ಸುತ್ತ ಭೂಮಿತಾಯಿಗೆ, ಹುಳಹುಪ್ಪಡಿಗೆ ಎಂದು ಚೆಲ್ಲುತ್ತ ನಡೆಯಬೇಕು. ಚೆಲ್ಲುವವನು ಹಿಂದೆ ತಿರುಗಿ ನೋಡಬಾರದು ಎಂಬುದು ಆ ಮನೆಯ ಕಟ್ಟುನಿಟ್ಟು. ಹೊಲ ದೊಡ್ಡದು, ಅವನು ತಿರುಗಿ ಬರುವ ಹೊತ್ತಿಗೆ ನಮ್ಮ ಊಟ ಮುಗಿದಿತ್ತು. ಖಾಲಿ ಬುಟ್ಟಿ ಇಳಿಸಿ ಮುಖ ಒರೆಸಿಕೊಳ್ಳುತ್ತಿದ್ದ.

ಗಾಡಿಯಲ್ಲಿ ಮಕ್ಕಳಿದ್ದರು. ನನ್ನ ಮಗಳಿರಲಿಲ್ಲ.

"ಅಕಿ ಕಾಕಾನ ಹಿಂದ ಹೋದ್ಲು," ಎಂದಳು ಒಬ್ಬ ಹುಡುಗಿ, ರೊಟ್ಟಿ ಅಗಿಯುತ್ತ.

ನಾನು ಆಯಿಯ ಮಗನ ಮುಖ ನೋಡಿದೆ. ಅವನ ಬಣ್ಣವೇ ಇಳಿದುಹೋಯಿತು. "ಹಿಂದ ಯಾರೋ ಬರ್ಲಿಕತ್ತಾರ ಅನಿಸ್ತರಿ ಅಕ್ಕಾ. ಕಾಲಿನ ಸಪ್ಪಳ ಕೇಳ್ತು. ಖರೇ ಹೇಳ್ತೀನಿ, ತಿರುಗಿ ನೋಡಂಗಿಲ್ಲಲ್ರಿ, ನೋಡಲಿಲ್ಲ."

"ಎಲ್ಲಿ ತನಕ ಕೇಳಿಸಿತು?"

"ಖಣಿ ಬದುವಿನ ತನಕ."

ಎದ್ದು ಓಡಿದೆ. ತೊಗರಿ ನನ್ನ ತಲೆ ಮೀರಿ ಬೆಳೆದು ಒಣಗಿತ್ತು. ಒಳಹೊಕ್ಕರೆ ಆಕಾಶ ಬಿಟ್ಟು ಬೇರೇನೂ ಕಾಣದು. ಮಗಳ ಹೆಸರು ಕೂಗಿದರೆ ಒಣಗಿದ ಕಾಯಿಗಳು ಗಲಗಲ ಎನ್ನುತ್ತಿದ್ದವು, ಆ ಸದ್ದಿನಲ್ಲಿ ಅವಳು ಓಗೊಟ್ಟರೂ ಕೇಳುವಂತಿರಲಿಲ್ಲ. ಹಿಂದೆ ಗಂಡಸರು ಕೋಲು ಹಿಡಿದು ಬರುತ್ತಿದ್ದರು. ಯಾರೋ ಕೂಗಿ ಕೇಳಿದರು, "ಅಕ್ಕಾರ, ತೋಳ ಗೀಳ ಏನರ ಅದ ಏನ್ರಿ ಅಲ್ಲಿ?" ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ.

ಓದಿದ್ದೆಲ್ಲ ಒಮ್ಮೆಲೇ ನೆನಪಾಗತೊಡಗಿತು. ಮರಿಗಳಿರುವ ತೋಳ ಬಿಟ್ಟು ಓಡುವುದಿಲ್ಲ. ಸಣ್ಣದು, ಒಂಟಿಯದು, ಕುಂಟುವುದು, ಮಂದೆಯಿಂದ ಹಿಂದುಳಿದದ್ದು, ತೋಳದ ಕಣ್ಣು ಮೊದಲು ಹೋಗುವುದು ಅಂಥದ್ದರ ಮೇಲೆ. ಇದನ್ನೆಲ್ಲ ಎಷ್ಟು ಸಲ ಹೆಮ್ಮೆಯಿಂದ ವಿವರಿಸಿದ್ದೆನೋ. ದೇವರೇ, ದೇವರೇ ಎನ್ನುತ್ತ ಓಡಿದೆ. ನಾನು ದೇವರನ್ನು ಅಷ್ಟಾಗಿ ಕರೆಯುವವಳಲ್ಲ.

ತೊಗರಿ ಮುಗಿದು ಬದು ಬಂತು. ಖಣಿಯ ಅಂಚಿನಲ್ಲಿ, ಕಲ್ಲಿನ ಚಕ್ಕೆಗಳ ಗುಡ್ಡೆಯ ಮೇಲೆ ಮಗಳು ಕುಕ್ಕರುಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಅರ್ಧ ರೊಟ್ಟಿ. ಕೆಳಗಿನ ಚಪ್ಪಡಿಯ ಮೇಲೆ ತೋಳ ನಿಂತಿತ್ತು. ಒಂದು ನೆಗೆತದ ದೂರ. ತಲೆ ತಗ್ಗಿಸಿ, ಬಾಲ ಸೆಟೆಸಿ, ಅವಳನ್ನೇ ನೋಡುತ್ತಿತ್ತು. ಅದರ ಬೆನ್ನ ಹಿಂದೆ ಸಂದಿ, ಸಂದಿಯಲ್ಲಿ ಮರಿಗಳು. ಅದು ಹೆದರಿದೆಯೋ, ಮೇಲೆರಗಲಿದೆಯೋ? ಫೋಟೋದಲ್ಲಾದರೆ ಥಟ್ಟನೆ ಹೇಳುತ್ತಿದ್ದೆ. ಅಲ್ಲಿ ನನಗೆ ತಿಳಿಯಲಿಲ್ಲ.

ಕೈಗೆ ಸಿಕ್ಕ ಕಲ್ಲೆತ್ತಿ ಬೀಸಿದೆ. "ಹಾಳಾಗಿ ಹೋಗಽ" ಎಂದು ಕಿರುಚಿದೆ. ನನ್ನ ದನಿ ನನ್ನದೆನಿಸಲಿಲ್ಲ. ಕಲ್ಲು ಚಪ್ಪಡಿಗೆ ಬಡಿದು ಸಿಡಿಯಿತು. ತೋಳ ಹಿಂದಕ್ಕೆ ಜಿಗಿದು, ನಿಂತು, ಒಮ್ಮೆ ಸಂದಿಯ ಕಡೆ, ಒಮ್ಮೆ ನನ್ನ ಕಡೆ ನೋಡಿತು. ಇನ್ನೊಂದು ಕಲ್ಲೆತ್ತಿದ ಮೇಲೆಯೇ ಅದು ಜಾಲಿಯ ಮರೆಗೆ ಸರಿದದ್ದು.

ಮಗಳನ್ನು ಬಾಚಿಕೊಂಡೆ. ಮೈಯೆಲ್ಲ ತಡವಿದೆ. ಗೀರೂ ಇರಲಿಲ್ಲ.

"ಅವ್ವಾ, ನಾಯಿಗಿ ರೊಟ್ಟಿ ಕೊಡ್ಲಿಕತ್ತಿದ್ದೆ. ಯಾಕ ಹೊಡದಿ?" ಎಂದು ಅಳತೊಡಗಿದಳು.

ಅಷ್ಟರಲ್ಲಿ ಎಲ್ಲರೂ ಬಂದು ಮುಟ್ಟಿದ್ದರು. ತೋಳ ಜಾಲಿಯ ಕಡೆ ಹೋದದ್ದನ್ನು ಮುಂದಿದ್ದವರು ಕಂಡಿದ್ದರು. ಚಪ್ಪಡಿಗಳ ಸಂದಿಯಿಂದ ಸಣ್ಣಗೆ ಕುಂಯ್‌ಗುಡುವುದು ಎಲ್ಲರಿಗೂ ಕೇಳಿತು. ಆಯಿಯ ಮಗ ಸಂದಿಯನ್ನು ನೋಡಿದ, ಆಮೇಲೆ ಬದುವಿಗೆ ಬಿದ್ದಿದ್ದ ಜಾಲಿ ಮುಳ್ಳನ್ನು ನೋಡಿದ. ನಾನೇ ಮಾತಾಡಬೇಕಿತ್ತು.

ಕೊನೆಗೆ ಏದುಸಿರು ಬಿಡುತ್ತ ಆಯಿ ಬಂದಳು. ಅವಳ ಮೊಮ್ಮಕ್ಕಳು ದಿನಾ ಆಡು ಮೇಯಿಸುವುದು ಇದೇ ಬದುವಿನಲ್ಲಿ. ಕೂಸಿನ ತಲೆ ಸವರಿ, ನೆಟಿಗೆ ಮುರಿದು, ನನ್ನ ಕಡೆ ತಿರುಗಿದಳು.

"ಯವ್ವಾ, ಈ ಹೆಣ್ ತೋಳ ಇಲ್ಲಿ ಇರೋದು ನಿನಗ ಮೊದಲಽ ಗೊತ್ತಿತ್ತು?"

"ಗೊತ್ತಿತ್ತು ಆಯಿ."

"ಹಂಗಾರ ನೀನೇ ಹೇಳು. ಮುಳ್ಳ ಹಾಕ್ಸಬ್ಯಾಡ ಅಂದ್ರ ಹಾಕ್ಸಂಗಿಲ್ಲ. ನಾಳಿ ನಮ್ಮ ಹುಡುಗ್ರಿಗಿ ಈ ಕಡಿ ಕಳಸ್ಲೇನ್, ಬ್ಯಾಡೇನ್?"

ನನಗೆ ತಿಳಿದಿದ್ದ ಉತ್ತರ ಒಂದೇ. "ಕಳಸ್ರಿ ಆಯಿ. ಅದೇನೂ ಮಾಡಂಗಿಲ್ಲ. ಮುಳ್ಳ ಹಾಕ್ಸಬ್ಯಾಡ್ರಿ," ಎಂದೆ. ಮಗಳು ನೋಯುತ್ತದೆ ಬಿಡು ಎಂದು ನನ್ನ ತೋಳಿನಲ್ಲಿ ಕೊಸರಾಡುತ್ತಿದ್ದಳು.

ಆಯಿ ನನ್ನ ಮುಖ ನೋಡಲಿಲ್ಲ. ನನ್ನ ಕೈಗಳನ್ನು ನೋಡಿದಳು.

"ಆತು. ಮೊದಲ ನಿನ್ನ ಕೂಸಿಗಿ ಕೆಳಗ ಇಳಸವ್ವ."

ನಾನು ಇಳಿಸಲಿಲ್ಲ.